ಹಂಗಳವನ್ನು ಬರೆದವರು

ಹಂಗಳ ಗುಂಡ್ಲುಪೇಟೆ ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ಒಂದರ ಕೇಂದ್ರ. ಉಳಿದ ಮೂರು ಕಸಬಾ, ಬೇಗೂರು ಮತ್ತು ತೆರಕಣಾಂಬಿ. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ಹೆದ್ದಾರಿ ಹಂಗಳದ ಮೂಲಕ ಸಾಗುತ್ತದೆ. ನೇರ ಹೋದರೆ ಮೇಲುಕಾಮನಹಳ್ಳಿ ದಾಟಿ ಬಂಡೀಪುರದ ಕಾಡು ಸಿಗುತ್ತದೆ, ಬಲಕ್ಕೆ ಹೊರಳಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಬೆಟ್ಟದ ಬಗ್ಗೆಯೂ ಕಾಡಿನ ಬಗ್ಗೆಯೂ ಬರೆದದ್ದು ಪುಟಗಟ್ಟಲೆ ಇದೆ. ಎರಡಕ್ಕೂ ಬಾಗಿಲಾಗಿರುವ ಊರಿನ ಬಗ್ಗೆ ಬರೆದದ್ದು ಕಡಿಮೆ. ಈ ವ್ಯತ್ಯಾಸ ಅಂತರಜಾಲದ ಕಾಲದಲ್ಲಿ ಹುಟ್ಟಿದ್ದಲ್ಲ. ಯಾರು, ಯಾವಾಗ, ಏತಕ್ಕಾಗಿ ಈ ಸೀಮೆಯನ್ನು ಬರೆದಿಟ್ಟರು ಎಂಬುದರಲ್ಲಿ ಅದರ ಬೇರಿದೆ.

ಮೊದಲು ಬರೆದವರು ಕಲ್ಲಿನ ಮೇಲೆ ಬರೆದರು. ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳು ಬಿ. ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ನಾಲ್ಕನೆಯ ಸಂಪುಟದಲ್ಲಿ 1898ರಲ್ಲಿ ಅಚ್ಚಾದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಅವನ್ನು ಪರಿಷ್ಕರಿಸಿ, ನಂಜನಗೂಡು ಮತ್ತು ಹೆಗ್ಗಡದೇವನಕೋಟೆಯ ಶಾಸನಗಳ ಜೊತೆಗೆ 1974ರಲ್ಲಿ ಮತ್ತೆ ಹೊರತಂದಿತು. ಶಾಸನ ಊರನ್ನು ವರ್ಣಿಸಲು ಹುಟ್ಟಿದ ಬರಹವಲ್ಲ. ದತ್ತಿ ಕೊಟ್ಟವನ ಹೆಸರು, ಪಡೆದವನ ಹೆಸರು, ಗದ್ದೆಯ ಎಲ್ಲೆ, ಕಾಳಗದಲ್ಲಿ ಬಿದ್ದ ವೀರನ ಹೆಸರು, ಇಷ್ಟು ಅದರ ಕೆಲಸ. ಆದರೂ ಈ ಸೀಮೆಯ ಹೊಯ್ಸಳ ಕಾಲದ ಚಿತ್ರ ಸಿಗುವುದು ಅಲ್ಲಿಯೇ. ಪೆರುಮಾಳ ದಣಾಯಕ ಮತ್ತು ಅವನ ಮಕ್ಕಳಾದ ಮಾಧವ ದಣಾಯಕ, ಕೇತೆಯ ದಣಾಯಕರು ಹೊಯ್ಸಳರ ಅಧಿಕಾರಿಗಳಾಗಿ ತೆರಕಣಾಂಬಿಯನ್ನು ಕೇಂದ್ರವಾಗಿಟ್ಟುಕೊಂಡು ಆಳಿದರು. ನೀಲಗಿರಿಯನ್ನು ಗೆದ್ದ ಬಿರುದು ಅವರಿಗಿತ್ತು. ಘಟ್ಟದ ಕೆಳಗೆ ಅವರ ಹೆಸರಿನ ದಣಾಯಕನಕೋಟೆ ಈಗ ತಮಿಳುನಾಡಿನ ಭವಾನಿಸಾಗರದ ನೀರಿನಡಿ ಇದೆ. ಗೋಪಾಲಸ್ವಾಮಿ ಬೆಟ್ಟದ ದೇಗುಲದ ಹಿಂದಿನ ಕತೆಯೂ ಈ ದಣಾಯಕರ ಮನೆತನದ ಜೊತೆ ಹೆಣೆದುಕೊಂಡಿದೆ.

ಇಲ್ಲಿಯೇ ಒಂದು ತಪ್ಪನ್ನು ಹೇಳಿಬಿಡುವುದು ಒಳ್ಳೆಯದು. ಬೆಟ್ಟದ ಗುಡಿಯನ್ನು 1315ರಲ್ಲಿ "ಚೋಳ ರಾಜ ಬಲ್ಲಾಳ" ಕಟ್ಟಿಸಿದ ಎಂಬ ವಾಕ್ಯ ಅಂತರಜಾಲದ ಪ್ರವಾಸಿ ಬರಹಗಳಲ್ಲಿ ವರ್ಷಗಳಿಂದ ಸುತ್ತುತ್ತಿದೆ. ಬಲ್ಲಾಳ ಹೊಯ್ಸಳರ ಹೆಸರು. 1292ರಿಂದ ಸುಮಾರು 1343ರವರೆಗೆ ಆಳಿದವನು ಹೊಯ್ಸಳ ಮೂರನೆಯ ಬಲ್ಲಾಳ. 1315ರ ಹೊತ್ತಿಗೆ ಚೋಳರ ಅರಸೊತ್ತಿಗೆ ಮುಗಿದು ಮೂವತ್ತು ವರ್ಷ ದಾಟಿತ್ತು. ಶಾಲೆಯ ಪಠ್ಯದ ಮಟ್ಟದ ಚರಿತ್ರೆಯೇ ಈ ವಾಕ್ಯವನ್ನು ತಿರಸ್ಕರಿಸುತ್ತದೆ. ಆದರೆ ಒಂದು ಜಾಲತಾಣ ಇನ್ನೊಂದರಿಂದ ನಕಲು ಮಾಡುತ್ತಾ ಹೋಗಿ ಅದಕ್ಕೆ ಸಾಕ್ಷ್ಯದ ರೂಪ ಬಂದಿದೆ. ಹತ್ತು ಕಡೆ ಕಂಡದ್ದು ಹತ್ತು ಆಧಾರವಲ್ಲ ಎಂಬುದು ವಿಕಿಪೀಡಿಯದಂಥ ವಿಶ್ವಕೋಶ ತಿದ್ದುವವರಿಗೆ ಮೊದಲು ಗೊತ್ತಾಗಬೇಕಾದ ಸಂಗತಿ.

ಹಂಗಳದ ಹೆಸರು ಊರಿನಾಚೆಗೆ ಕೇಳಿಸುವುದು ಹದಿನೇಳನೆಯ ಶತಮಾನದಲ್ಲಿ. 1673ರಲ್ಲಿ ಮೈಸೂರಿನ ಪಟ್ಟಕ್ಕೆ ಬಂದ ಚಿಕ್ಕದೇವರಾಜ ಒಡೆಯರು ಅದಕ್ಕೆ ಮೊದಲು ರಾಜಧಾನಿಯಿಂದ ದೂರವಾಗಿ ಹಂಗಳದಲ್ಲಿ ಇರಬೇಕಾಗಿತ್ತು ಎಂದು ಮೈಸೂರು ಅರಸುಮನೆತನದ ಚರಿತ್ರೆಯ ಬರಹಗಳು ಹೇಳುತ್ತವೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಮಾತ್ರ ಆ ವರ್ಷಗಳನ್ನು ಯಳಂದೂರಿನಲ್ಲಿಟ್ಟು, ಮುಂದೆ ಮಂತ್ರಿಯಾದ ವಿಶಾಲಾಕ್ಷ ಪಂಡಿತನ ಸ್ನೇಹ ಅಲ್ಲಿ ಬೆಳೆಯಿತೆಂದ. ಯಳಂದೂರಿಗೂ ಹಂಗಳಕ್ಕೂ ನಡುವೆ ಇಡೀ ಚಾಮರಾಜನಗರ ತಾಲ್ಲೂಕಿದೆ. ಎರಡು ಮಾತೂ ಅಚ್ಚಿನಲ್ಲಿರುವಾಗ ಒಂದನ್ನು ಅಳಿಸುವುದು ಅವಸರದ ಕೆಲಸ. ಎರಡನ್ನೂ ಹೇಳಿ, ಯಾವುದು ಯಾರ ಮಾತು ಎಂದು ಗುರುತಿಸಿದರೆ ಓದುಗನಿಗೆ ಅನ್ಯಾಯವಾಗುವುದಿಲ್ಲ. ಪಕ್ಕದ ಗುಂಡ್ಲುಪೇಟೆಯ ಮಟ್ಟಿಗೆ ಇಂಥ ಗೊಂದಲವಿಲ್ಲ. ಅಲ್ಲಿ ತೀರಿಕೊಂಡ ತಂದೆಯ ನೆನಪಿಗೆ ಚಿಕ್ಕದೇವರಾಜರು ಪರವಾಸುದೇವ ದೇವಾಲಯ ಕಟ್ಟಿಸಿದರು, ಅಗ್ರಹಾರ ಬಿಡಿಸಿದರು, ಕೋಟೆ ಹಾಕಿಸಿದರು. ಅರಸನ ಹಣ ಬಿದ್ದ ಊರಿಗೆ ಬರಹವೂ ದಕ್ಕಿತು, ಅರಸ ದಿನ ನೂಕಿದ ಊರಿಗೆ ಒಂದೆರಡು ಸಾಲು.

ಊರೂರನ್ನು ಪ್ರಶ್ನೆಪಟ್ಟಿ ಹಿಡಿದು ಬರೆಯುವ ಪದ್ಧತಿ ಬಂದದ್ದು 1799ರ ನಂತರ. ಟಿಪ್ಪು ಮಡಿದ ಮೇಲೆ ಮೈಸೂರನ್ನು ಅಳೆಯಲು ಕಂಪನಿ ಸರ್ಕಾರ ನೇಮಿಸಿದ ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟೋರ್ನೊವೇ ಎಂಬ ಸಣ್ಣ ಬಂದರು ಪಟ್ಟಣದವನು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ವರದಿ ಮಾಡಿದ ಫ್ರಾನ್ಸಿಸ್ ಬುಕಾನನ್ ಕೂಡ ಸ್ಕಾಟ್ಲೆಂಡಿನವನೇ, ಕ್ಯಾಲಂಡರ್ ಎಂಬ ಇನ್ನೊಂದು ಚಿಕ್ಕ ಊರಿನ ಕಡೆಯವನು. ಅವರು ಬೆಳೆದ ದೇಶದಲ್ಲಿ ಆಗಷ್ಟೇ ಒಂದು ದೊಡ್ಡ ಕೆಲಸ ಮುಗಿದಿತ್ತು. ಸರ್ ಜಾನ್ ಸಿಂಕ್ಲೇರ್ ಎಂಬಾತ ನೂರರವತ್ತಕ್ಕೂ ಹೆಚ್ಚು ಪ್ರಶ್ನೆಗಳ ಪಟ್ಟಿಯನ್ನು ಸ್ಕಾಟ್ಲೆಂಡಿನ ಒಂಬೈನೂರಕ್ಕೂ ಹೆಚ್ಚು ಪ್ಯಾರಿಷ್‌ಗಳ ಪಾದ್ರಿಗಳಿಗೆ ಕಳಿಸಿ, ಬಂದ ಉತ್ತರಗಳನ್ನು 1791ರಿಂದ 1799ರವರೆಗೆ 21 ಸಂಪುಟಗಳಲ್ಲಿ ಅಚ್ಚು ಹಾಕಿಸಿದ್ದ. ಮಣ್ಣು, ಬೆಳೆ, ಕೂಲಿ, ರೋಗ, ಭಾಷೆ, ಹಳೆಯ ಕಟ್ಟಡ, ಜನರ ನಡವಳಿಕೆ, ಎಲ್ಲವೂ ಅದರಲ್ಲಿದ್ದವು. ಕ್ಯಾಲಂಡರ್‌ನ ವಿವರಣೆಯೂ ಇತ್ತು. ಸಣ್ಣ ಊರೊಂದರ ಬಗ್ಗೆ ಲೇಖನ ಬರೆಯಲು ಕುಳಿತ ಸ್ಕಾಟ್ಲೆಂಡಿನವನಿಗೆ ಇನ್ನೂರು ವರ್ಷಗಳ ಹಿಂದೆಯೇ ಆ ಊರಿನ ಒಳಗಿದ್ದವನು ಬರೆದ ಹತ್ತಾರು ಪುಟ ಇವತ್ತಿಗೂ ಸಿಗುತ್ತದೆ.

ಮೈಸೂರಿನಲ್ಲಿ ಆದದ್ದು ಬೇರೆ. ಬುಕಾನನ್ ಪ್ರಶ್ನೆ ಕೇಳಿದ್ದು ದುಭಾಷಿಯ ಮೂಲಕ, ಪಯಣದ ನಡುವೆ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಬಂದ ಅವನ ಪುಸ್ತಕದಲ್ಲಿ ರಾಗಿಯ ಬೀಜ ಎಷ್ಟು ಸೇರು, ಕಬ್ಬಿಣ ಕರಗಿಸುವವರ ಕುಲುಮೆ ಹೇಗೆ, ನೇಕಾರರ ಮಗ್ಗಕ್ಕೆ ತೆರಿಗೆ ಎಷ್ಟು ಎಂಬ ವಿವರಗಳು ಬೇಕಾದಷ್ಟಿವೆ. ಅವನ ಕಣ್ಣು ಬೀಳದ ಊರಿಗೆ ಮಾತ್ರ ಏನೂ ಇಲ್ಲ. ಮೆಕೆಂಜಿಯ ದಾರಿ ಸಿಂಕ್ಲೇರನದಕ್ಕೆ ಹತ್ತಿರ. ಅವನ ಸಹಾಯಕ ಕಾವಲಿ ವೆಂಕಟ ಬೊರಯ್ಯ, ಅವನ ನಂತರ ತಮ್ಮ ಲಕ್ಷ್ಮಯ್ಯ, ಊರ ಶಾನುಭೋಗರಿಂದಲೂ ದೇವಸ್ಥಾನದವರಿಂದಲೂ ಸ್ಥಳದ ಚರಿತ್ರೆಯನ್ನು ಅವರವರ ಮಾತಿನಲ್ಲೇ ಬರೆಸಿಕೊಂಡರು. ಕೈಫಿಯತ್ತು ಎಂದು ಹೆಸರಾದ ಈ ಬರಹಗಳಲ್ಲಿ ಪುರಾಣ, ವಂಶಾವಳಿ, ಕಂದಾಯ ಒಂದರ ಮೇಲೊಂದು ಬಿದ್ದಿರುತ್ತವೆ. ಅರಸುಗಳ ಕಾಲಗಣನೆಗೆ ಇವನ್ನು ನೆಚ್ಚುವಂತಿಲ್ಲ, ಆದರೆ ಊರು ತನ್ನನ್ನು ಹೇಗೆ ಕಂಡಿತು ಎಂಬುದಕ್ಕೆ ಇವುಗಳಿಗಿಂತ ಒಳ್ಳೆಯ ದಾಖಲೆ ಇಲ್ಲ. ಎಂ. ಎಂ. ಕಲಬುರ್ಗಿ ಸಂಪಾದಿಸಿದ 'ಕರ್ನಾಟಕದ ಕೈಫಿಯತ್ತುಗಳು' 1994ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಬಂದ ಮೇಲೆಯೇ ಇವು ಸಾಮಾನ್ಯ ಓದುಗನ ಕೈಗೆ ಸಿಕ್ಕಿದ್ದು.

ಗೆಜೆಟಿಯರುಗಳ ಕಾಲ ಅದರ ಮುಂದಿನದು. ಬೆಂಗಳೂರಿನಲ್ಲೇ ಹುಟ್ಟಿದ ರೈಸ್ 1870ರ ದಶಕದಲ್ಲಿ ಮೈಸೂರು ಮತ್ತು ಕೊಡಗಿನ ಗೆಜೆಟಿಯರನ್ನು ಮೂರು ಸಂಪುಟಗಳಲ್ಲಿ ಸಿದ್ಧಪಡಿಸಿದ. 1897ರಲ್ಲಿ ಅದರ ಎರಡನೆಯ ಆವೃತ್ತಿ ಬಂತು. ಸಿ. ಹಯವದನ ರಾವ್ 1927ರಿಂದ 1930ರ ನಡುವೆ ಅದನ್ನು ಬಿಚ್ಚಿ ಐದು ಸಂಪುಟಗಳಿಗೆ ಬೆಳೆಸಿದರು. ಗೋಪಾಲಸ್ವಾಮಿ ಬೆಟ್ಟದ ಕೋಟೆ, ನವ ದಣಾಯಕರ ಕತೆ, ಗುಂಡ್ಲುಪೇಟೆಯ ಗುಡಿ, ತೆರಕಣಾಂಬಿಯ ಹಿಂದಿನ ವೈಭವ, ಬೆಟ್ಟದ ಸೀಮೆಯಿಂದ ಇಳಿದು ನಂಜನಗೂಡಿನ ಬಳಿ ಕಪಿಲೆಯನ್ನು ಸೇರುವ ಗುಂಡ್ಲು ಹೊಳೆ, ಇವೆಲ್ಲ ಒಂದೇ ಕಡೆ ಸಿಕ್ಕಿದ್ದು ಈ ಪುಸ್ತಕಗಳಿಂದ. ಇವತ್ತಿನ ವಿಶ್ವಕೋಶಗಳ ಅಂಕಿಗಳೂ ಎಷ್ಟೋ ಸಲ ಅಲ್ಲಿಂದ ಬಂದಂಥವೇ. ಬೆಟ್ಟದ ಎತ್ತರ 1,454 ಮೀಟರ್ ಎಂದು ಈಗ ಎಲ್ಲೆಡೆ ಬರೆಯುತ್ತಾರೆ. ಹಳೆಯ ಗೆಜೆಟಿಯರಿನ 4,770 ಅಡಿಯನ್ನು ಮೀಟರಿಗೆ ಇಳಿಸಿದರೆ ಬರುವ ಸಂಖ್ಯೆಯೂ ಅದೇ.

ಗೆಜೆಟಿಯರು ಸರ್ಕಾರದ ಅಗತ್ಯದಿಂದ ಹುಟ್ಟಿತು, ಹಾಗಾಗಿ ಸರ್ಕಾರ ಕೇಳದ್ದು ಅದರಲ್ಲಿಲ್ಲ. ತಾಲ್ಲೂಕು ಕೇಂದ್ರಕ್ಕೆ ಒಂದು ಪುಟ, ತೀರ್ಥಕ್ಷೇತ್ರಕ್ಕೆ ಅರ್ಧ ಪುಟ, ಹೋಬಳಿಗೆ ಪಟ್ಟಿಯಲ್ಲೊಂದು ಸಾಲು, ಇದು ಅದರ ಅಳತೆ. ಕಾಡಿನ ವಿಷಯದಲ್ಲಿ ಇದೇ ಅಳತೆ ತಿರುಗುಮುರುಗಾಯಿತು. 1931ರಲ್ಲಿ ಮೈಸೂರು ಮಹಾರಾಜರು ಬಂಡೀಪುರದಲ್ಲಿ 90 ಚದರ ಕಿಲೋಮೀಟರಿನ ಅಭಯಾರಣ್ಯ ಮಾಡಿದರು. 1941ರಲ್ಲಿ ಅದು ಸುಮಾರು 800 ಚದರ ಕಿಲೋಮೀಟರಿಗೆ ಹಿಗ್ಗಿ, ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. 1973ರಲ್ಲಿ ಹುಲಿ ಯೋಜನೆಯೂ ಬಂತು. ಹುಲಿಗೆ ಗಣತಿ, ಆನೆಗೆ ಗಣತಿ, ವರ್ಷಕ್ಕೊಂದು ವರದಿ. ಕಾಡಂಚಿನ ಹೊಲಗಳ ಚರಿತ್ರೆ ಮಾತ್ರ ತಾಲ್ಲೂಕು ಕಚೇರಿಯ ಪಹಣಿಯಲ್ಲಿ ಉಳಿಯಿತು. ಹಾಡಿಗಳಲ್ಲಿರುವ ಸೋಲಿಗರು, ಜೇನುಕುರುಬರು, ಬೆಟ್ಟಕುರುಬರ ಪಾಲಿಗೆ ಅದೂ ಇಲ್ಲ.

ಕನ್ನಡದಲ್ಲೇ ಸ್ಥಳ ವಿವರಣೆ ಬರೆಯುವ ದೊಡ್ಡ ಪ್ರಯತ್ನ ಮೈಸೂರು ವಿಶ್ವವಿದ್ಯಾನಿಲಯದ 'ಕನ್ನಡ ವಿಶ್ವಕೋಶ'. ಮೊದಲ ಸಂಪುಟ 1969ರಲ್ಲಿ ಬಂತು, ಹದಿನಾಲ್ಕು ಸಂಪುಟಗಳು ಮುಗಿಯಲು ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಅಕಾರಾದಿಯ ಕೆಲಸದ ಮೇಲೆ ಈ ವಿಳಂಬ ಒಂದು ವಿಚಿತ್ರ ಪರಿಣಾಮ ಬೀರಿತು. 'ಅ' ಅಕ್ಷರದ ಊರುಗಳ ಜನಸಂಖ್ಯೆ ಒಂದು ತಲೆಮಾರಿನದು, ಕೊನೆಯ ಅಕ್ಷರದ ಊರುಗಳದು ಇನ್ನೊಂದು ತಲೆಮಾರಿನದು. ಈ ಸಂಪುಟಗಳನ್ನು ವಿಶ್ವವಿದ್ಯಾನಿಲಯ ಮುಂದೆ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದು ದೊಡ್ಡ ಮನಸ್ಸಿನ ಕೆಲಸ. 2003ರ ಜೂನ್‌ನಲ್ಲಿ ಶುರುವಾಗಿದ್ದ ಕನ್ನಡ ವಿಕಿಪೀಡಿಯಕ್ಕೂ ವಿಕಿಸೋರ್ಸ್‌ಗೂ ಅದರಿಂದ ನೂರಾರು ಲೇಖನಗಳು ಸಿಕ್ಕವು. ಹಳೆಯ ವಾಕ್ಯಗಳೂ ಅವುಗಳ ಜೊತೆಗೇ ಬಂದವು. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು. ಅದಕ್ಕೆ ಮುಂಚೆ ಬರೆದ ಲೇಖನದಲ್ಲಿ ಗುಂಡ್ಲುಪೇಟೆ ಮೈಸೂರು ಜಿಲ್ಲೆಯ ತಾಲ್ಲೂಕು. ಊಟಿ ರಸ್ತೆ ರಾಷ್ಟ್ರೀಯ ಹೆದ್ದಾರಿ 67 ಆಗಿದ್ದದ್ದು ಈಗ 181, ಕೇರಳದ ಕಡೆಯದು 212 ಆಗಿದ್ದದ್ದು 766. ಗುಂಡ್ಲು ಹೊಳೆಯನ್ನೂ ಕೊಳ್ಳೇಗಾಲದ ಬಳಿಯ ಗುಂಡಾಲ್ ಜಲಾಶಯವನ್ನೂ ಒಂದೇ ಎಂದು ತಿಳಿಯುವುದು, ಹಂಗಳವನ್ನು ಹಾವೇರಿ ಜಿಲ್ಲೆಯ ಹಾನಗಲ್ಲಿನ ಜೊತೆ ಬೆರೆಸುವುದು ಸುಲಭ. ಇಂಗ್ಲಿಷ್ ಲಿಪಿಯಲ್ಲಿ ಹುಡುಕುವವನಿಗಂತೂ ಇನ್ನೂ ಸುಲಭ.

ಹಳ್ಳಿಗಳ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಲೇಖನಗಳ ಸಂಖ್ಯೆಯೇನೂ ಕಡಿಮೆಯಿಲ್ಲ. ಉತ್ತರ ಕರ್ನಾಟಕದ ನೂರಾರು ಹಳ್ಳಿಗಳಿಗೆ ಪುಟಗಳಿವೆ. ಅವುಗಳಲ್ಲಿ ಬಹಳಷ್ಟು ಒಂದೇ ಅಚ್ಚಿನವು. ಊರಿನ ಹೆಸರು ಬದಲಾಗುತ್ತದೆ. ಹವಾಮಾನ, ಬೆಳೆ, ಹಬ್ಬ, ಉಡುಗೆ ಎಂಬ ಶೀರ್ಷಿಕೆಗಳ ಕೆಳಗಿನ ಮಾತು ಬದಲಾಗುವುದಿಲ್ಲ. ಪುಟದ ಲೆಕ್ಕ ಏರುತ್ತದೆ, ಆ ಊರಿನ ಬಗ್ಗೆ ಓದುಗನಿಗೆ ತಿಳಿದದ್ದು ಸೊನ್ನೆ. ಇದಕ್ಕೆ ಎದುರಾದ ಉದಾಹರಣೆ ವೇಲ್ಸ್‌ನ ಮನ್‌ಮತ್ ಪಟ್ಟಣದ್ದು. 2012ರಲ್ಲಿ ಅಲ್ಲಿನ ಸ್ಥಳೀಯ ಆಡಳಿತ, ವಸ್ತುಸಂಗ್ರಹಾಲಯ, ಶಾಲೆಗಳು ಕೈಜೋಡಿಸಿ ಒಂದೇ ಸಣ್ಣ ಊರಿನ ಕಟ್ಟಡ, ವ್ಯಕ್ತಿ, ಸೇತುವೆಗಳ ಬಗ್ಗೆ ಬೇರೆ ಬೇರೆ ಲೇಖನಗಳನ್ನು ಹಲವು ಭಾಷೆಗಳಲ್ಲಿ ಬರೆಸಿದವು. ಅದು ಸಾಧ್ಯವಾದದ್ದು ಆ ಊರಿನ ಬಗ್ಗೆ ಅಚ್ಚಾದ ಪುಸ್ತಕಗಳು ಕಪಾಟು ತುಂಬ ಇದ್ದದ್ದರಿಂದ.

ಅಚ್ಚಾದ ಆಧಾರ ಬೇಕು, ಬರೆಯುವವನ ಸ್ವಂತ ಸಂಶೋಧನೆ ಸಲ್ಲದು ಎಂಬುದು ವಿಕಿಪೀಡಿಯದ ನಿಯಮ. ಪುಂಡಾಟದ ಬರಹವನ್ನು ತಡೆಯಲು ಇದಿಲ್ಲದೆ ಆಗದು. ಆದರೆ ಗೆಜೆಟಿಯರು ಬಿಟ್ಟ ಊರನ್ನು ಈ ನಿಯಮವೂ ಬಿಡುತ್ತದೆ. ಬೆಂಗಳೂರಿನ ಅಚಲ್ ಪ್ರಭಾಲ 2011ರಲ್ಲಿ ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಉತ್ತರ ಸೋಥೊ ಭಾಷೆಗಳಲ್ಲಿ ಊರವರ ಮಾತನ್ನು ಧ್ವನಿಮುದ್ರಿಸಿ, ಆ ಧ್ವನಿಯನ್ನೇ ಆಧಾರವಾಗಿ ಕೊಡುವ ಪ್ರಯೋಗ ಮಾಡಿದರು. ಮಕ್ಕಳ ಆಟ, ಅಡುಗೆ, ಪೂಜೆಯಂಥ ವಿಷಯಗಳಿಗೆ ಅದು ಚೆನ್ನಾಗಿ ಒದಗಿತು, ನಿಯಮವಾಗಿ ಮಾತ್ರ ಒಪ್ಪಿಗೆಯಾಗಲಿಲ್ಲ.

ಹಂಗಳದ ಸೀಮೆಯಲ್ಲಿ ಈ ಕೊರತೆ ಎದ್ದು ಕಾಣುವುದು ಬೇಸಾಯದ ವಿಷಯದಲ್ಲಿ. ಹಳೆಯ ಪುಸ್ತಕಗಳ ಪ್ರಕಾರ ಇದು ರಾಗಿ, ಜೋಳ, ಹುರುಳಿಯ ನಾಡು. ಕಣ್ಣಿಗೆ ಕಾಣುವುದು ಅರಿಶಿನ, ಬಾಳೆ, ಟೊಮೆಟೊ, ಸಣ್ಣ ಈರುಳ್ಳಿ. ಮುಂಗಾರಿನಲ್ಲಿ ಊಟಿ ರಸ್ತೆಯ ಎರಡೂ ಕಡೆ ಸೂರ್ಯಕಾಂತಿ ಮತ್ತು ಚೆಂಡುಹೂವಿನ ಹೊಲ, ಅವುಗಳ ನಡುವೆ ಫೋಟೊ ತೆಗೆಸಿಕೊಳ್ಳುವ ಕೇರಳದ ಪ್ರವಾಸಿಗಳು. ಈ ಬದಲಾವಣೆಯ ಹಿಂದೆ ಕೊಳವೆಬಾವಿ ಇದೆ, ಕೇರಳದ ಮಾರುಕಟ್ಟೆ ಇದೆ, ಕಾಡಂಚಿನ ಹೊಲಕ್ಕೆ ಇಳಿಯುವ ಆನೆ, ಹಂದಿಗಳ ಕಾಟವೂ ಇದೆ. ಬೆಟ್ಟದ ಬುಡದಲ್ಲಿ ಖಾಸಗಿ ವಾಹನಗಳನ್ನು ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲೇ ಹತ್ತಿಸುವ ವ್ಯವಸ್ಥೆ, 2009ರಿಂದ ಬಂಡೀಪುರದಲ್ಲಿ ರಾತ್ರಿ ಸಂಚಾರದ ನಿಷೇಧ, ಇವೂ ಊರಿನ ದಿನಚರಿಯನ್ನು ಬದಲಿಸಿವೆ. ಪತ್ರಿಕೆಗಳಲ್ಲಿ ಇವೆಲ್ಲ ಸುದ್ದಿಯಾಗಿ ಬಂದಿವೆ, ಹಾಗಾಗಿ ಆಧಾರಕ್ಕೆ ಕೊರತೆಯಿಲ್ಲ. ಒಂದೆಡೆ ಸೇರಿಸಿ ಬರೆಯುವವರು ಬೇಕು. 1974ರ ಶಾಸನ ಸಂಪುಟದಿಂದ ಹೋಬಳಿಯ ಶಾಸನಗಳನ್ನು ಆಯ್ದು ಊರುವಾರು ಜೋಡಿಸುವುದು, ಜನಗಣತಿಯ ಜಿಲ್ಲಾ ಕೈಪಿಡಿಯಿಂದ ಕೆರೆ, ಶಾಲೆ, ಆಸ್ಪತ್ರೆಗಳ ವಿವರ ತೆಗೆದುಕೊಳ್ಳುವುದು, ವೀರಗಲ್ಲುಗಳ ಚಿತ್ರವನ್ನು ಸ್ಥಳದ ಗುರುತಿನೊಡನೆ ಮುಕ್ತ ಪರವಾನಗಿಯಲ್ಲಿ ಏರಿಸುವುದು, ಇವು ಮೂರೂ ಯಾವ ನಿಯಮವನ್ನೂ ಮುರಿಯದೆ, ತಾಲ್ಲೂಕಿನ ಯಾವುದೇ ಕಾಲೇಜಿನ ವಿದ್ಯಾರ್ಥಿಗಳು ಒಂದು ವರ್ಷದಲ್ಲಿ ಮಾಡಿ ಮುಗಿಸಬಹುದಾದ ಕೆಲಸಗಳು.