ಬಿನ್ನಹದಿಂದ ಹೇಳಿಕೆಯವರೆಗೆ

ರಾಜಕೀಯ ವಾಕ್ಕಿಗೆ ಮನವೊಲಿಸುವ ಶಕ್ತಿ ಎಲ್ಲಿಂದ ಒದಗುವುದೆಂಬ ಜಿಜ್ಞಾಸೆ ಬಹುಕಾಲ ವೇದಿಕೆಯ ಮೇಲೆ ನಿಂತವನನ್ನೇ ಸುತ್ತುತ್ತಿತ್ತು. ಅವನ ಶೀಲ, ಅವನು ಕೆರಳಿಸುವ ಭಾವ, ಅವನು ಹೂಡುವ ಯುಕ್ತಿ ಎಂಬ ಅರಿಸ್ಟಾಟಲನ ವಿಂಗಡಣೆಯೇ ಅದಕ್ಕೆ ಆಧಾರ. 1940ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಓಹಾಯೋದ ಮತದಾರರನ್ನು ತಿಂಗಳು ತಿಂಗಳೂ ವಿಚಾರಿಸಿದ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು, ರೇಡಿಯೋ ಪತ್ರಿಕೆಗಳಿಗಿಂತ ಪರಿಚಿತರ ಮಾತೇ ಹೆಚ್ಚು ನಾಟುವುದೆಂದು ಕಂಡ ಮೇಲೆ, ವಿದ್ವಾಂಸರ ದೃಷ್ಟಿ ಕೇಳುವವನ ಕಡೆಗೂ ಹೊರಳಿತು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಚರಿತ್ರೆಯಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕೆನ್ನುತ್ತದೆ. ಏಕೆಂದರೆ ಈ ಸೀಮೆಯಲ್ಲಿ ಕೇಳುತ್ತಿದ್ದವನೇ ಎದ್ದುನಿಂತು ಮಾತಾಡಿದ ಕಾಲವೊಂದು ಬಂದಿತು.

1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಕೂಡಿಸಿದ ಪ್ರಜಾಪ್ರತಿನಿಧಿ ಸಭೆಗೆ ದಸರಾ ಸಮಯದಲ್ಲಿ ಮೈಸೂರಿಗೆ ಬರುತ್ತಿದ್ದವರು ತಾಲೂಕುಗಳ ಜಮೀನುದಾರರು ಮತ್ತು ವರ್ತಕರು. ಸಭೆಗಿದ್ದುದು ಸಲಹೆ ಹೇಳುವ ಅಧಿಕಾರ ಮಾತ್ರವಾದ್ದರಿಂದ ಅಲ್ಲಿಯ ವಾಗ್ರೀತಿ ಬಿನ್ನಹದ್ದು: ದಿವಾನರ ಭಾಷಣಕ್ಕೆ ಕಿವಿಗೊಟ್ಟು, ತಮ್ಮ ಸೀಮೆಯ ಅಹವಾಲನ್ನು ವಿನಯದಿಂದ ಒಪ್ಪಿಸುವುದು. ಅಂದು ಎಡತೊರೆಯೆನಿಸಿದ್ದ ಇಂದಿನ ಕೃಷ್ಣರಾಜನಗರದ ಕಡೆ ಪರರ ಗದ್ದೆಯನ್ನು ವಾರಕ್ಕೆ ಮಾಡುತ್ತಿದ್ದ ಒಕ್ಕಲಿಗೆ ಆ ಸಭೆಯಲ್ಲಿ ದನಿಯಿರಲಿಲ್ಲ.

ಹುಣಸೂರು ತಾಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸರು 1941ರಲ್ಲಿ ಇದೇ ಸಭೆಯನ್ನು ಪ್ರವೇಶಿಸಿ, ಮುಂದೆ ಹುಣಸೂರಿನ ಶಾಸಕರಾಗಿ, 1972ರಲ್ಲಿ ಮುಖ್ಯಮಂತ್ರಿಗಳಾದರು. ಉಳುವವನೇ ಒಡೆಯನೆಂಬ ಘೋಷಣೆ ಊರೂರಲ್ಲಿ ಮೊಳಗಿತೆಂಬುದನ್ನು ಎಲ್ಲರೂ ಬರೆಯುತ್ತಾರೆ. ನನಗೆ ಅದಕ್ಕಿಂತ ಮಹತ್ತ್ವದ್ದಾಗಿ ತೋರುವುದು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಒಂದು ಉಪವಿಧಿ: ತಾಲೂಕಿಗೊಂದರಂತೆ ಏರ್ಪಟ್ಟ ಭೂ ನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗಕೂಡದು.

ಹೀಗಾಗಿ, ತಾನು ಉಳುತ್ತಿದ್ದ ಜಮೀನಿನ ಹಕ್ಕು ಕೋರಿ ಏಳನೇ ನಮೂನೆಯಲ್ಲಿ ಡಿಕ್ಲರೇಷನ್ ಹಾಕಿದ ಗೇಣಿದಾರನು ತನ್ನ ವಾದವನ್ನು ತಾನೇ ಹೇಳಬೇಕಾಯಿತು. ಪಹಣಿಯಲ್ಲಿ ಹೆಸರಿಲ್ಲದ, ರಸೀತಿಯೂ ಇಲ್ಲದ ಬಾಯಿಮಾತಿನ ಗೇಣಿಯನ್ನು ಸ್ಥಾಪಿಸಲು ಅವನಿಗಿದ್ದ ಸಾಧನ, ಜಮೀನಿನ ಚಕ್ಕುಬಂದಿಯನ್ನು ತಡವರಿಸದೆ ಹೇಳುವುದು, ಯಾವ ವರ್ಷ ಯಾವ ಬೆಳೆಯಿಟ್ಟು ಎಷ್ಟು ಪಲ್ಲ ಅಳೆದುಕೊಟ್ಟೆನೆಂದು ನೆನೆಯುವುದು, ಪಕ್ಕದ ಹೊಲದವನನ್ನು ಸಾಕ್ಷಿಗೆ ಕರೆಯುವುದು. ಅದೂ ವರ್ಷವರ್ಷವೂ ತಾನು ಯಾರ ಮನೆಯ ಜಗಲಿಯ ಕೆಳಗೆ ಕೈಕಟ್ಟಿ ನಿಂತಿದ್ದನೋ ಆ ಧಣಿಯ ಸಮಕ್ಷಮದಲ್ಲಿ. ಶೀಲ, ಭಾವ, ಯುಕ್ತಿ ಮೂರೂ ಈ ಹೇಳಿಕೆಯಲ್ಲಿ ಒಂದಾಗಿದ್ದವು. ಇದನ್ನು ವಾಕ್‌ಕಲೆಯೆಂದು ಗಣಿಸದ ಶಾಸ್ತ್ರವು ಅಪೂರ್ಣವೆಂದೇ ನಾನು ನಂಬುತ್ತೇನೆ.

ವಕೀಲರ ಮೇಲಿನ ನಿರ್ಬಂಧವು ವಕೀಲರ ಅಧಿನಿಯಮಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ ತೀರ್ಪಿತ್ತಿತು. ಆದರೆ ಡಿಕ್ಲರೇಷನ್ ಹಾಕುವ ಅವಧಿ 1979ರ ಜೂನ್ 30ಕ್ಕೇ ಮುಗಿದಿತ್ತು. ಅರಸರ ಭಾಷಣಗಳನ್ನು ಅರಸುವ ಸಂಶೋಧಕರು ಆ ಹೇಳಿಕೆಗಳ ಕಡತಗಳನ್ನೂ, ಕಾಗದ ಇನ್ನೂ ಗಟ್ಟಿಯಾಗಿರುವಾಗಲೇ, ಬಿಚ್ಚಿ ಓದಬೇಕು.