ಬಿರುಕಿಗೆ ಗೆರೆ ಎಳೆದವರು

ಕಾಂಕ್ರೀಟ್ ಬಿರುಕು ಬಿಟ್ಟೇ ಬಿಡುತ್ತದೆ. ನೀರು ಆರಿದಂತೆ ಅದು ಕುಗ್ಗುತ್ತದೆ, ಕೆಳಗಿನ ಪದರ ಕುಗ್ಗಲು ಬಿಡದೆ ಹಿಡಿದುಕೊಳ್ಳುತ್ತದೆ, ಎಳೆತ ತಾಳುವ ಶಕ್ತಿಯೋ ಅದಕ್ಕೆ ಮೊದಲೇ ಕಡಿಮೆ. ಆ ಬಿರುಕು ಎಲ್ಲಿ ಬೀಳಬೇಕೆಂದು ಹೇಳುವ ಅಧಿಕಾರವನ್ನು ಎಂಜಿನಿಯರುಗಳು ಚೂರುಚೂರಾಗಿ ಗಳಿಸಿಕೊಂಡದ್ದೇ ಕಾಂಕ್ರೀಟ್ ರಸ್ತೆಯ 130 ವರ್ಷಗಳ ಚರಿತ್ರೆ.

ಅಮೆರಿಕದ ಒಹಾಯೊ ರಾಜ್ಯದ ಬೆಲ್‌ಫಾಂಟೇನ್ ಎಂಬ ಸಣ್ಣ ಊರಿನಲ್ಲಿ ಜಾರ್ಜ್ ಬಾರ್ಥಲೊಮ್ಯು 1891ರಲ್ಲಿ ಮುಖ್ಯ ಬೀದಿಯ ಬದಿಗೆ 8 ಅಡಿ ಅಗಲದ ಕಾಂಕ್ರೀಟ್ ಪಟ್ಟಿ ಹಾಕಿದರು. ಅದು ತಾಳಿದ್ದನ್ನು ಕಂಡ ಮೇಲೆ, 1893ರಲ್ಲಿ ನ್ಯಾಯಾಲಯದ ಸುತ್ತಲಿನ ಬೀದಿಗಳ ಕೆಲಸ ಸಿಕ್ಕಿತು. ಐದು ವರ್ಷ ಕೆಡುವುದಿಲ್ಲವೆಂದು 5,000 ಡಾಲರಿನ ಬಾಂಡ್ ಬರೆದುಕೊಡಬೇಕಾಯಿತು. ನಮ್ಮ ಟೆಂಡರುಗಳಲ್ಲಿರುವ ದೋಷ ಹೊಣೆಗಾರಿಕೆ ಅವಧಿಗೆ ಇದನ್ನು ಮುತ್ತಜ್ಜ ಎನ್ನಬಹುದು. ಕುದುರೆಯ ಗೊರಸು ಜಾರದಿರಲೆಂದು ಮೇಲ್ಮೈಗೆ ಗೆರೆ ಕೊರೆದು, ಹಾಸನ್ನು 5 ಅಡಿಯ ಚೌಕಗಳಾಗಿ ವಿಭಾಗಿಸಿದ್ದರು. ಅದರ ಒಂದು ಭಾಗ ಇಂದಿಗೂ ಅಲ್ಲಿದೆ. ಆ ಬಾಳಿಕೆಯಲ್ಲಿ ಚೌಕದ ಚಿಕ್ಕ ಅಳತೆಗೂ ದೊಡ್ಡ ಪಾಲಿದೆಯೆಂದು ನನ್ನ ಅನಿಸಿಕೆ.

ಮೋಟಾರು ಬಂದ ಮೇಲೆ ಆ ಚೌಕಗಳು ಮರೆತುಹೋದವು. 1909ರಲ್ಲಿ ಮಿಶಿಗನ್‌ನ ವೇನ್ ಕೌಂಟಿ ಒಂದು ಮೈಲಿ ಕಾಂಕ್ರೀಟ್ ಹೆದ್ದಾರಿ ಹಾಕಿದ ಬಳಿಕ ಉದ್ದುದ್ದ ಸ್ಲ್ಯಾಬುಗಳ ಕಾಲ ಶುರುವಾಯಿತು. ಮೊದಲ ಮಹಾಯುದ್ಧ ಮುಗಿದಾಗ ಗಟ್ಟಿ ರಬ್ಬರ್ ಚಕ್ರದ ಸೇನಾ ಲಾರಿಗಳು ರಸ್ತೆಗಿಳಿದವು. ಹೊಸ ರಸ್ತೆಗಳ ನಡುಮಧ್ಯದಲ್ಲಿ ಹಾವಿನಂತೆ ಹರಿದಾಡುವ ಬಿರುಕು ಎಲ್ಲೆಡೆ ಕಾಣಿಸಿತು. ಇಲಿನಾಯ್‌ನ ಬೇಟ್ಸ್ ರಸ್ತೆಯಲ್ಲಿ 1922-23ರಲ್ಲಿ ಕ್ಲಿಫರ್ಡ್ ಓಲ್ಡರ್ ಅಂಥ ಲಾರಿಗಳನ್ನೇ ಓಡಿಸಿ ಪರೀಕ್ಷಿಸಿದರು. ಸ್ಲ್ಯಾಬಿನ ಮೂಲೆ ಮತ್ತು ಅಂಚುಗಳೇ ದುರ್ಬಲವೆಂದು ತಿಳಿಯಿತು. ರಸ್ತೆಯ ನಡುವೆ ತಾವೇ ಒಂದು ಜಾಯಿಂಟ್ ಬಿಟ್ಟರೆ ಆ ಅಲೆಮಾರಿ ಬಿರುಕು ಬರುವುದಿಲ್ಲವೆಂಬುದೂ ಗೊತ್ತಾಯಿತು.

ಡೆನ್ಮಾರ್ಕಿನಲ್ಲಿ ಹುಟ್ಟಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಹೆರಾಲ್ಡ್ ವೆಸ್ಟರ್‌ಗಾರ್ಡ್ 1926ರಲ್ಲಿ ಇದನ್ನೆಲ್ಲ ಲೆಕ್ಕಕ್ಕೆ ತಂದರು. ನೆಲವನ್ನು ಒತ್ತೊತ್ತಾಗಿ ಜೋಡಿಸಿದ ಸ್ಪ್ರಿಂಗುಗಳ ಹಾಸೆಂದು ಭಾವಿಸಿ, ಚಕ್ರ ಸ್ಲ್ಯಾಬಿನ ಮಧ್ಯದಲ್ಲಿ, ಅಂಚಿನಲ್ಲಿ, ಮೂಲೆಯಲ್ಲಿ ನಿಂತಾಗ ಬೀಳುವ ಒತ್ತಡಗಳಿಗೆ ಸೂತ್ರ ಕೊಟ್ಟರು. ಮಣ್ಣು ಸ್ಪ್ರಿಂಗಿನಂತೆ ವರ್ತಿಸುವುದಿಲ್ಲ ಎಂಬುದು ಅವರಿಗೂ ಗೊತ್ತಿದ್ದ ಮಾತು. ಆದರೂ ಆ ಸೂತ್ರಗಳು ಇಂದಿನ ತರಗತಿಗಳಲ್ಲೂ ಉಳಿದಿವೆ. ಮರುವರ್ಷವೇ ಅವರು ಉಷ್ಣತೆಯ ಕಡೆಗೂ ತಿರುಗಿದರು, ಅದರ ಮಾತು ಮುಂದೆ ಬರುತ್ತದೆ.

ಲೆಕ್ಕಕ್ಕೆ ಸಿಗದೆ ತಪ್ಪಿಸಿಕೊಂಡದ್ದು ನೀರು. ಎರಡನೇ ಮಹಾಯುದ್ಧದ ಭಾರಿ ಸಾಗಣೆಯ ವರ್ಷಗಳಲ್ಲಿ ಲಾರಿ ಜಾಯಿಂಟು ದಾಟಿದಾಗಲೆಲ್ಲ ಕೆಸರುನೀರು ಚಿಮ್ಮತೊಡಗಿತು. ಸ್ಲ್ಯಾಬಿನ ಅಡಿಗೆ ಇಳಿದ ನೀರು ಪ್ರತಿ ಹೊಡೆತಕ್ಕೂ ನುಣ್ಣನೆಯ ಮಣ್ಣನ್ನು ಹೊರಗೆಳೆದು ಪೊಳ್ಳು ಮಾಡುತ್ತದೆ, ಆಸರೆ ತಪ್ಪಿದ ಮೂಲೆ ಮುರಿಯುತ್ತದೆ. 1958ರಿಂದ 1960ರವರೆಗೆ ಇಲಿನಾಯ್‌ನ ಒಟ್ಟಾವಾ ಬಳಿ ಅಮೆರಿಕದ ರಾಜ್ಯ ಹೆದ್ದಾರಿ ಅಧಿಕಾರಿಗಳ ಸಂಘ (ಆಶೋ) ನಡೆಸಿದ ರಸ್ತೆ ಪರೀಕ್ಷೆಯಲ್ಲೂ ಕಾಂಕ್ರೀಟ್ ತುಂಡುಗಳನ್ನು ಹೆಚ್ಚಾಗಿ ಕೆಡಿಸಿದ್ದು ಇದೇ. ಸೈನಿಕರು ಲಾರಿ ಓಡಿಸಿ 11 ಲಕ್ಷಕ್ಕೂ ಹೆಚ್ಚು ಆಕ್ಸಲ್ ಹೊರೆ ಹಾಯಿಸಿದ ಆ ಪರೀಕ್ಷೆ ಜಗತ್ತಿಗೆ ಕೊಟ್ಟದ್ದು ನಾಲ್ಕನೇ ಘಾತದ ನಿಯಮ: ಆಕ್ಸಲ್ ಭಾರ ಇಮ್ಮಡಿಯಾದರೆ ಹಾನಿ ಸುಮಾರು 16 ಪಟ್ಟು. ಓವರ್‌ಲೋಡ್ ಲಾರಿ ನಮ್ಮ ರಸ್ತೆಗೆ ಏನು ಮಾಡುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಡ. ಆದರೆ ಒಂದೇ ಊರಿನ ಮಣ್ಣು, ಒಂದೇ ಹವೆ, ಎರಡೇ ವರ್ಷ. ಇಷ್ಟರ ಫಲಿತಾಂಶವನ್ನು ದೇಶದೇಶಗಳ ಕೈಪಿಡಿಗಳು ದಶಕಗಟ್ಟಲೆ ಪ್ರಮಾಣವೆಂದು ನಂಬಿದ್ದು ಅತಿಯಾಯಿತು.

ಜಾಯಿಂಟೇ ಬೇಡವೆಂದು ಉದ್ದಕ್ಕೂ ಕಬ್ಬಿಣ ಹೆಣೆಯುವ ದಾರಿಯನ್ನು ಅಮೆರಿಕ 1921ರಲ್ಲೇ ಪ್ರಯತ್ನಿಸಿತ್ತು. ಅಲ್ಲಿ ಬಿರುಕು ಬೀಳುತ್ತದೆ, ಕಬ್ಬಿಣ ಅದನ್ನು ಕೂದಲೆಳೆಯಷ್ಟಕ್ಕೆ ಹಿಡಿದಿಡುತ್ತದೆ. ದುಬಾರಿಯಾದ್ದರಿಂದ ನಮ್ಮಲ್ಲಿ ಅದು ಅಪರೂಪ.

ಭಾರತದಲ್ಲಿ ಮುಂಬೈನ ಮರೀನ್ ಡ್ರೈವ್ ಹಳೆಯ ಹೆಸರು; ಅದರ ಕಾಂಕ್ರೀಟ್ ಹಾಸು ಸುಮಾರು 1940ರದ್ದು. ಆಮೇಲೆ ದೀರ್ಘ ಮೌನ. ಸಿಮೆಂಟಿಗೆ ಪರ್ಮಿಟ್ ಹಿಡಿದು ಕಾಯಬೇಕಿದ್ದ ಕಾಲದಲ್ಲಿ ಅದನ್ನು ರಸ್ತೆಗೆ ಸುರಿಯುವವರು ಯಾರು? ನಿಯಂತ್ರಣ 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ತಿ ಸಡಿಲವಾಯಿತು. 2002ರಲ್ಲಿ ಮುಗಿದ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಜನರ ಕಣ್ಣಿಗೆ ಬಿದ್ದ ದೊಡ್ಡ ಉದಾಹರಣೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ವಿನ್ಯಾಸ ಸೂಚಿ ಐಆರ್‌ಸಿ 58 ಹುಟ್ಟಿದ್ದು 1974ರಲ್ಲಿ; ಅದರ 2011ರ ಪರಿಷ್ಕರಣೆಯನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ.

ಏಕೆಂದರೆ ಅದು ಹಗಲನ್ನೂ ಇರುಳನ್ನೂ ಬೇರೆಬೇರೆಯಾಗಿ ಲೆಕ್ಕಹಾಕಿತು. ನಮ್ಮ ಒಳನಾಡಿನ ಬಿಸಿಲಿನಲ್ಲಿ ಸ್ಲ್ಯಾಬಿನ ಮೇಲ್ಮೈಗೂ ತಳಕ್ಕೂ 20 ಡಿಗ್ರಿಯ ಆಸುಪಾಸು ಅಂತರ ಬರುತ್ತದೆ. ಮಧ್ಯಾಹ್ನ ಮೇಲ್ಭಾಗ ಹಿಗ್ಗಿ ನಡು ಉಬ್ಬುತ್ತದೆ. ಆಗ ಲಾರಿ ಬಂದರೆ ಬಿರುಕು ತಳದಿಂದ ಮೇಲೇರುತ್ತದೆ. ರಾತ್ರಿ ಮೇಲ್ಮೈ ತಣಿದು ಅಂಚುಗಳು ಹಪ್ಪಳದ ಹಾಗೆ ಮೇಲೇಳುತ್ತವೆ. ಅದೇ ಹೊತ್ತಿಗೆ ಲಾರಿಯ ಮುಂದಿನ ಆಕ್ಸಲ್ ಒಂದು ತುದಿಯಲ್ಲೂ ಹಿಂದಿನದು ಇನ್ನೊಂದು ತುದಿಯಲ್ಲೂ ನಿಂತರೆ ಬಿರುಕು ಮೇಲಿನಿಂದ ಕೆಳಗಿಳಿಯುತ್ತದೆ. ಭಾರಿ ಸರಕು ನಮ್ಮಲ್ಲಿ ಓಡುವುದು ರಾತ್ರಿಯಲ್ಲೇ ಅಲ್ಲವೇ!

ಕಟ್ಟುವ ಕ್ರಮವೆಲ್ಲ ಈ ತಿಳಿವಳಿಕೆಯ ಮೇಲೆ ನಿಂತಿದೆ. ಹದಗೊಳಿಸಿದ ನೆಲ, ನೀರು ಬಸಿಯುವ ಜಲ್ಲಿ ಪದರ, ಅದರ ಮೇಲೆ ಸಾಮಾನ್ಯವಾಗಿ 150 ಮಿಲಿಮೀಟರ್ ಡ್ರೈ ಲೀನ್ ಕಾಂಕ್ರೀಟ್, ಅಂದರೆ ಸಿಮೆಂಟೂ ನೀರೂ ಕಡಿಮೆಯಿರುವ ಮಿಶ್ರಣ. ಆಮೇಲೆ, ಸ್ಲ್ಯಾಬು ಅಂಟಿಕೊಳ್ಳದೆ ಜಾರಲೆಂದು ಪ್ಲಾಸ್ಟಿಕ್ ಹಾಳೆ. ಮೇಲೆ ಎಂ-40 ದರ್ಜೆಯ ಕಾಂಕ್ರೀಟ್, ಸುಮಾರು 4.5 ಮೀಟರಿಗೊಂದು ಅಡ್ಡ ಜಾಯಿಂಟ್. ಹೊರೆಯನ್ನು ಪಕ್ಕದ ಸ್ಲ್ಯಾಬಿಗೆ ದಾಟಿಸಲು ನಯವಾದ ಡೋವೆಲ್ ಸರಳುಗಳು. ಇವು ಓರೆಯಾಗಿ ಕೂತರೆ ಜಾಯಿಂಟ್ ಬಿಗಿದುಕೊಂಡು ಸ್ಲ್ಯಾಬು ಬೇರೆಲ್ಲೋ ಒಡೆಯುತ್ತದೆ. ಜಾಯಿಂಟ್ ಕೊಯ್ಯಲು ಗರಗಸ ಹಾಕುವ ಹೊತ್ತು ಇನ್ನೂ ನಾಜೂಕು. ಬೇಗ ಕೊಯ್ದರೆ ಜಲ್ಲಿ ಕಿತ್ತು ಅಂಚು ಹಾಳು, ತಡವಾದರೆ ಕಾಂಕ್ರೀಟೇ ಜಾಗ ಆರಿಸಿಕೊಂಡಿರುತ್ತದೆ. ಬೇಸಿಗೆಯಲ್ಲಿ ಕೆಲವೇ ಗಂಟೆಗಳ ಅವಕಾಶ, ಅದು ನಡುರಾತ್ರಿಗೆ ಬಂದರೆ ನಡುರಾತ್ರಿಯಲ್ಲೇ ಕೊಯ್ಯಬೇಕು. ಬಳಿಕ ಒದ್ದೆ ಗೋಣಿತಾಟು ಹೊದಿಸಿ ಎರಡು ವಾರ ನೀರುಣಿಸುವ ಕೆಲಸ. ಕಾಂಕ್ರೀಟ್ ರಸ್ತೆಗಳು ಅಕಾಲದಲ್ಲಿ ಕೆಟ್ಟಾಗ ಎಲ್ಲರೂ ಸಿಮೆಂಟಿನ ಪ್ರಮಾಣ ಕೇಳುತ್ತಾರೆ. ಗರಗಸ ಹಾಕಿದ ಗಂಟೆಯನ್ನೂ ತಾಟು ಒಣಗಿದ ದಿನವನ್ನೂ ಕೇಳುವವರು ಕಡಿಮೆ.

ಕರ್ನಾಟಕದಲ್ಲಿ ಈ ತಂತ್ರ ಕಠಿಣ ಪರೀಕ್ಷೆಗೆ ನಿಂತದ್ದು ಶಿರಾಡಿ ಘಾಟಿಯಲ್ಲಿ. ಮಲೆನಾಡಿನ ಮಳೆಯಲ್ಲಿ ನೀರು ಜಲ್ಲಿಯಿಂದ ಡಾಂಬರನ್ನು ಬಿಡಿಸಿಬಿಡುತ್ತದೆ. ವರ್ಷವರ್ಷವೂ ಗುಂಡಿ, ವರ್ಷವರ್ಷವೂ ತೇಪೆ. ಹಾಸನ-ಮಂಗಳೂರು ಹೆದ್ದಾರಿಯ ಈ ಭಾಗವನ್ನು 2015ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ತಿಂಗಳುಗಟ್ಟಲೆ ಮುಚ್ಚಿ ಎರಡು ಹಂತದಲ್ಲಿ ಕಾಂಕ್ರೀಟ್ ಮಾಡಲಾಯಿತು. ವಾಹನಗಳು ಚಾರ್ಮಾಡಿಯನ್ನು ಸುತ್ತಿಕೊಂಡು ಹೋಗಿ ಪಟ್ಟ ಪಾಡನ್ನು ಕರಾವಳಿಯವರು ಮರೆತಿಲ್ಲ. ಮುಚ್ಚದೆ ಗತಿಯಿರಲಿಲ್ಲ, ಹಸಿ ಕಾಂಕ್ರೀಟಿನ ಮೇಲೆ ಲಾರಿ ಬಿಡಲಾಗದು. ಅಲ್ಲಿ ಸ್ಲ್ಯಾಬಿನಷ್ಟೇ ಚರಂಡಿಯ ಮೇಲೂ ಗುಡ್ಡದ ಇಳಿಜಾರಿನ ಮೇಲೂ ಕಣ್ಣಿಡಬೇಕು, ಕೆಳಗಿನ ಮಣ್ಣೇ ಜಾರಿದರೆ ಎಂ-40 ಏನೂ ಮಾಡಲಾರದು.

ಬೆಂಗಳೂರಿನ ವೈಟ್ ಟಾಪಿಂಗ್ ಇನ್ನೊಂದು ಕವಲು. ಹಳೆಯ ಡಾಂಬರಿನ ಮೇಲೆ ತೆಳುವಾಗಿ ಕಾಂಕ್ರೀಟ್ ಹಾಕುವ ಈ ವಿಧಾನಕ್ಕೆ 1991ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ, ಕಸದ ಲಾರಿಗಳು ಓಡಾಡುವ ರಸ್ತೆಯಲ್ಲಿ ನಡೆದ ಪ್ರಯೋಗ ಹೊಸ ಜೀವ ಕೊಟ್ಟಿತು. ತೆಳು ಪದರ ಬದುಕಬೇಕಾದರೆ ಅದನ್ನು ಒಂದು-ಒಂದೂವರೆ ಮೀಟರಿನ ಚೌಕಗಳಾಗಿ ಕೊಯ್ಯಬೇಕು. ಬಾರ್ಥಲೊಮ್ಯು ಅವರ 5 ಅಡಿ ಹೀಗೆ ನೂರು ವರ್ಷ ಸುತ್ತಿ ವಾಪಸು ಬಂತು. ನಮ್ಮ ನಗರದ ತೊಡಕು ಬೇರೆ: ರಸ್ತೆಯ ಮಟ್ಟ ಏರಿ ಮಳೆನೀರು ಮನೆಗಳತ್ತ ತಿರುಗುವುದು, ಹಾಸಿದ ಮೇಲೆ ನೀರಿನ ಪೈಪಿಗೋ ಕೇಬಲ್ಲಿಗೋ ಅಗೆಯುವುದು. ಕಾಂಕ್ರೀಟಿನಲ್ಲಿ ಅಗೆದರೆ ಇಡೀ ಚೌಕವನ್ನು ತೆಗೆದು, ಡೋವೆಲ್ ಇರುವಲ್ಲಿ ಪಕ್ಕದ ಸ್ಲ್ಯಾಬಿಗೆ ರಂಧ್ರ ಕೊರೆದು, ಎಪಾಕ್ಸಿಯಲ್ಲಿ ಸರಳು ಕೂಡಿಸಿ ಮತ್ತೆ ಹಾಕಬೇಕು. ಎಷ್ಟೋ ಕಡೆ ನಾವು ನೋಡುವುದು ಆ ಗುಂಡಿಯಲ್ಲಿ ಡಾಂಬರಿನ ತೇಪೆ.

ವಿನ್ಯಾಸದ ಆಯುಷ್ಯ 30 ವರ್ಷ. ಜಾಯಿಂಟಿನಲ್ಲಿ ತುಂಬಿದ ಸೀಲಂಟ್ ಅಷ್ಟು ಕಾಲ ಬರುವುದಿಲ್ಲ, ಈ ಅವಧಿಯಲ್ಲಿ ಅದನ್ನು ಎರಡು ಮೂರು ಬಾರಿಯಾದರೂ ಕಿತ್ತು ಹೊಸದಾಗಿ ತುಂಬಬೇಕು. ಕಾಂಕ್ರೀಟಿಗೆ ನಿರ್ವಹಣೆಯೇ ಬೇಡವೆಂಬ ಪ್ರಚಾರ ಎಷ್ಟು ಬೇರೂರಿದೆಯೆಂದರೆ, ಹಲವು ರಸ್ತೆಗಳ ನಿರ್ವಹಣಾ ಬಜೆಟ್ಟಿನಲ್ಲಿ ಸೀಲಂಟಿಗೆ ಒಂದು ಸಾಲೂ ಇರುವುದಿಲ್ಲ.