ಅತಿಶೀತ ಅರೆಯುವಿಕೆಯಿಂದ ಲೋಹಪುಡಿಗಳ ಬಲವರ್ಧನೆ

ಅತಿಶೀತ ಅರೆಯುವಿಕೆ ಅಥವಾ ಕ್ರಯೋಮಿಲ್ಲಿಂಗ್ ಎಂದರೆ ಪುಡಿಯನ್ನು ಸಾಮಾನ್ಯವಾಗಿ ದ್ರವ ಸಾರಜನಕದಿಂದ ತಂಪಾಗಿಸಿ, ಗಟ್ಟಿ ಗುಂಡುಗಳ ನಡುವೆ ಅರೆಯುವ ವಿಧಾನ. ಅಲ್ಯೂಮಿನಿಯಂನಂತಹ ಲೋಹದ ಪುಡಿಯಲ್ಲಿ ಇಂಗಾಲದ ನ್ಯಾನೋಕೊಳವೆಗಳನ್ನು ಬೆರೆಸಿ, ಹಗುರವೂ ಬಲಿಷ್ಠವೂ ಆದ ಸಂಯುಕ್ತ ವಸ್ತುವನ್ನು ಪಡೆಯಲು ಇದನ್ನು ಬಳಸಲಾಗುತ್ತದೆ.

ಹಿನ್ನೆಲೆ

ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಪರಿಸರದಲ್ಲಿ ನೆಲೆಯೂರಿರುವ ಸಿಮೆಂಟ್ ಉದ್ಯಮಕ್ಕೆ ಗುಂಡುಗಿರಣಿ ಹೊಸದಲ್ಲ. ತಿರುಗುವ ಉರುಳೆಯೊಳಗೆ ಉಕ್ಕಿನ ಗುಂಡುಗಳು ಬಿದ್ದು, ಉಜ್ಜಿ ಕ್ಲಿಂಕರನ್ನು ಪುಡಿಮಾಡುತ್ತವೆ. ಕ್ಲಿಂಕರ್ ಪೆಡಸಾದುದರಿಂದ ಹೊಡೆತಕ್ಕೆ ಒಡೆಯುತ್ತದೆ. ಅಲ್ಯೂಮಿನಿಯಂ ಮೆದುವಾದುದರಿಂದ ಅದರ ಕಣಗಳು ಚಪ್ಪಟೆಯಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಗುಂಡುಗಿರಣಿಯಲ್ಲಿ ಮಿಶ್ರಲೋಹ ತಯಾರಿಸುವ ಕ್ರಮವನ್ನು 1960ರ ದಶಕದಲ್ಲಿ ಜಾನ್ ಬೆಂಜಮಿನ್ ರೂಪಿಸಿದರು. ನ್ಯಾನೋಕೊಳವೆಗಳ ಕುರಿತ ಸಂಶೋಧನೆಗೆ ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ಪ್ರಕಟಿಸಿದ ಲೇಖನ ಚಾಲನೆ ನೀಡಿತು.

ಕಾರ್ಯವಿಧಾನ

ದ್ರವ ಸಾರಜನಕದ ಕುದಿಬಿಂದು −196 ಡಿಗ್ರಿ ಸೆಲ್ಸಿಯಸ್. ಇಂತಹ ಶೀತದಲ್ಲಿ ಕಣಗಳ ಬೆಸುಗೆ ತಗ್ಗುತ್ತದೆ. ಹೊಡೆತದಿಂದ ಹರಳುಗಳಲ್ಲಿ ಉಂಟಾದ ದೋಷಗಳು ಸರಿಹೋಗದೆ ಉಳಿಯುವುದರಿಂದ ಲೋಹ ಬೇಗ ಗಡುಸಾಗಿ ಒಡೆಯುತ್ತದೆ. ಒಳಗಿನ ಹರಳುಗಳು 100 ನ್ಯಾನೋಮೀಟರಿಗಿಂತ ಕಿರಿದಾಗಬಲ್ಲವು. ಪರಸ್ಪರ ಆಕರ್ಷಣೆಯಿಂದ ಗಂಟುಕಟ್ಟುವ ಕೊಳವೆಗಳೂ ಬಿಡಿಬಿಡಿಯಾಗಿ ಲೋಹದಲ್ಲಿ ಹರಡುತ್ತವೆ. ಬಳಿಕ ಪುಡಿಯನ್ನು ಒತ್ತಡ ಮತ್ತು ಶಾಖಗಳಿಂದ ಗಟ್ಟಿಯಾಗಿಸಲಾಗುತ್ತದೆ. ಕಿರಿದಾದ ಹರಳುಗಳು ಮತ್ತು ಹೊರೆಯ ಪಾಲನ್ನು ಹೊರುವ ಕೊಳವೆಗಳು ವಸ್ತುವಿಗೆ ಬಲ ನೀಡುತ್ತವೆ.

ಮಿತಿಗಳು

ಕೊಳವೆಗಳನ್ನು ಹರಡುವ ಹೊಡೆತವೇ ಅವುಗಳನ್ನು ತುಂಡರಿಸುತ್ತದೆ. ಕಡಿಮೆ ಅರೆದರೆ ಗಂಟುಗಳು ಉಳಿದು, ಅಲ್ಲಿಂದಲೇ ಬಿರುಕು ಮೂಡಬಹುದು. ಹೆಚ್ಚು ಅರೆದರೆ ಕೊಳವೆಗಳ ರಚನೆ ಕೆಡುತ್ತದೆ. ಹಾನಿಗೊಂಡ ಇಂಗಾಲವು ಬಿಸಿಮಾಡುವಾಗ ಅಲ್ಯೂಮಿನಿಯಂನೊಡನೆ ಸುಲಭವಾಗಿ ವರ್ತಿಸಿ ಪೆಡಸಾದ ಅಲ್ಯೂಮಿನಿಯಂ ಕಾರ್ಬೈಡ್ ಆಗುತ್ತದೆ. ಆದ್ದರಿಂದ ಅರೆಯುವ ಅವಧಿಯ ಆಯ್ಕೆಯೇ ಈ ವಿಧಾನದ ನಿರ್ಣಾಯಕ ಅಂಶ. ಕೊಳವೆಗಳ ಸ್ಥಿತಿಯನ್ನು ಅರಿಯಲು, ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದ ಬೆಳಕಿನ ಚದರಿಕೆಯನ್ನು ಆಧರಿಸಿದ ರಾಮನ್ ರೋಹಿತದರ್ಶನ ನೆರವಾಗುತ್ತದೆ. ರೋಹಿತದಲ್ಲಿ ದೋಷಗಳನ್ನು ಸೂಚಿಸುವ ಪಟ್ಟಿ ತೀವ್ರವಾದಷ್ಟೂ ಹಾನಿ ಹೆಚ್ಚೆಂದು ತಿಳಿಯಲಾಗುತ್ತದೆ. ದ್ರವ ಸಾರಜನಕದ ವೆಚ್ಚವೂ ವ್ಯಾಪಕ ಬಳಕೆಗೆ ಅಡ್ಡಿಯಾಗಿದೆ.

ಕರ್ನಾಟಕದಲ್ಲಿ ಸಂಶೋಧನೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಮಾನಿಯೊ ಚಟ್ಟೋಪಾಧ್ಯಾಯ ಮತ್ತು ಅವರ ಸಹೋದ್ಯೋಗಿಗಳು ಅತಿಶೀತ ಅರೆಯುವಿಕೆಯಿಂದ ತಾಮ್ರ, ಕಬ್ಬಿಣ ಮೊದಲಾದ ಲೋಹಗಳ ನ್ಯಾನೋಕಣಗಳನ್ನು ತಯಾರಿಸುವ ಕುರಿತು ಸಂಶೋಧನೆ ನಡೆಸಿದ್ದಾರೆ. ಬಿಡಿಯಾದ, ಶುದ್ಧ ಲೋಹಕಣಗಳನ್ನು ಪಡೆಯುವುದು ಈ ಸಂಶೋಧನೆಯ ಉದ್ದೇಶವಾಗಿತ್ತು.